ನಮ್ಮ ಮನೆಯ ಅಕ್ರಮ ಸಂಬಂಧಗಳು

ಮೇ ತಿಂಗಳ ಕೊನೆಯ ವಾರ. ಮುಂಗಾರಿಗೆ ಮೊದಲಿನ ಗಾಳಿಮಳೆಗೆ ಸಿಲ್ವರ್ ಮರದ ಕೊಂಬೆಯೊಂದು ತಂತಿಯ ಮೇಲೆ ಮಲಗಿ ಮೂರು ದಿನವಾಗಿತ್ತು. ನಾಲ್ಕನೆಯ ದಿನ ಲೈನ್‌ಮನ್ ಬಂದ, ಕೊಂಬೆ ಕಡಿಸಿದ, ಕರೆಂಟು ಬರಿಸಿದ, ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯತೊಡಗಿದ. ಅಂಥ ಶುಭ ಮುಹೂರ್ತದಲ್ಲಿ ನನ್ನ ಮಗಳ ಮಗ, ಒಂಬತ್ತು ವರ್ಷದವನು, ಒಳಗಿನಿಂದ ಬಲ್ಲಾಳರಾಯನ ದುರ್ಗಕ್ಕೂ ಕೇಳುವ ಹಾಗೆ ಕೂಗಿದ:

“ಅಜ್ಜೀ, ಅಜ್ಜ ಮತ್ತೆ ಇಲ್ಲೀಗಲ್ ಕನೆಕ್ಷನ್ ಮಾಡಿದಾರೆ! ನಿನ್ನೆ ಅಷ್ಟು ಹೇಳಿದ್ರೂ ಮಾಡಿದಾರೆ!”

ಲೈನ್‌ಮನ್‌ನ ಲೋಟ ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಅವನು ಮೀಟರ್ ಬೋರ್ಡನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮೀಟರ್ ಬೋರ್ಡನ್ನು ನೋಡಿದ. “ಎಂತ ಗೌಡ್ರೇ, ನೀವೂ?” ಎಂದ. ಆ ‘ನೀವೂ’ ಎಂಬುದರ ದೀರ್ಘದಲ್ಲಿ ಊರಿನ ಎಷ್ಟು ಮನೆಗಳ ಗುಟ್ಟು ಅಡಗಿತ್ತೋ, ದೇವರೇ ಬಲ್ಲ.

ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಹರಡಿದ್ದ ಅಪರಾಧವನ್ನು ತೋರಿಸಿದೆ. ಕೆಂಪು, ಹಳದಿ, ನೀಲಿ ಪ್ಲಾಸ್ಟಿಕ್ ಇಟ್ಟಿಗೆಗಳು, ಲೆಗೋ. ಅವುಗಳಲ್ಲಿ ಒಂದು ತೆಳು ಹಲಗೆಯನ್ನು ನಾನು ಎಲ್ಲಿ ಸೇರಿಸಬಾರದೋ ಅಲ್ಲಿ ಸೇರಿಸಿದ್ದೆ. ಅವನು ನಕ್ಕು ಹೋದ. ಆದರೂ ಹೋಗುವಾಗ ಇನ್ನೊಂದು ಸಲ ಮೀಟರ್ ಬೋರ್ಡನ್ನು ನೋಡಿಯೇ ಹೋದ.

ನೋಡಿ, ನಮ್ಮ ಕಡೆ ಈ ‘ಇಲ್ಲೀಗಲ್’ ಎಂಬ ಪದವನ್ನು ಸುಮ್ಮನೆ ಆಡಬಾರದು. ಪೇಟೆಯವರಿಗೆ ಅದೊಂದು ಇಂಗ್ಲಿಷ್ ಪದ. ಕಾಫಿ ಬೆಳೆಗಾರನ ಎದುರು ಆಡಿ ನೋಡಿ. ಅವನ ಕಣ್ಣು ತಾನಾಗಿ ತೋಟದ ಮೇಲಿನ ಬೇಲಿಯ ಕಡೆ ಹೋಗುತ್ತದೆ. ಅಜ್ಜನ ಕಾಲದಲ್ಲಿ ಹಳ್ಳದ ಈಚೆಗಿದ್ದ ಬೇಲಿ ಅಪ್ಪನ ಕಾಲದಲ್ಲಿ ಹಳ್ಳದ ಆಚೆಗೆ ಯಾವಾಗ ನಡೆದುಹೋಯಿತು ಎಂಬುದು ಬೇಲಿಗೇ ಗೊತ್ತಿಲ್ಲ. ಒತ್ತುವರಿ, ಸರ್ವೆ, ಅಕ್ರಮ ಸಕ್ರಮ, ಅರ್ಜಿ ನಮೂನೆ, ಇವೆಲ್ಲ ನಮ್ಮ ಮಕ್ಕಳಿಗೆ ಕಾಗುಣಿತಕ್ಕಿಂತ ಮೊದಲೇ ಬರುವ ಪದಗಳು. ಸಂಜೆ ಪಕ್ಕದ ತೋಟದವರು ಫೋನು ಮಾಡಿ “ಲೈನ್‌ಮನ್ ಎಂತದೋ ಹೇಳ್ತಿದ್ದ, ನಿಮ್ಮನೇಲಿ ಎಂತ ಕತೆ?” ಎಂದರು. ಕನ್ನಡಾಭಿಮಾನದಿಂದ ನಾನು “ಎಂತ ಇಲ್ಲ ಮಾರಾಯ್ರೆ, ನಂದೊಂದು ಸಣ್ಣ ಅಕ್ರಮ ಸಂಬಂಧ” ಎಂದುಬಿಟ್ಟೆ. ಆಚೆ ಬದಿ ಬಹಳ ಹೊತ್ತು ಸದ್ದಿರಲಿಲ್ಲ. ಈಚೆ ಬದಿ ನನ್ನ ಹೆಂಡತಿ ಒಗ್ಗರಣೆ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು.

ಇದಕ್ಕೆಲ್ಲ ಮೂಲ, ಬೆಂಗಳೂರಿನಿಂದ ಬೇಸಿಗೆ ರಜೆಗೆ ಬಂದ ಹುಡುಗ ಬಟ್ಟೆಯ ಚೀಲಕ್ಕಿಂತ ದೊಡ್ಡದೊಂದು ಡಬ್ಬಿಯಲ್ಲಿ ತುಂಬಿಕೊಂಡು ಬಂದ ಆ ಇಟ್ಟಿಗೆಗಳು. ನಮ್ಮ ಜಾವಳಿಯಲ್ಲಿ ಮಳೆ ಹಿಡಿಯಿತೆಂದರೆ ಹೊರಗೆ ಜಿಗಣೆ, ಒಳಗೆ ಆಕಳಿಕೆ. ನೆಟ್‌ವರ್ಕು ಬೇಕಾದರೆ ಗುಡ್ಡ ಹತ್ತಬೇಕು. ಎರಡು ದಿನ ಹುಡುಗ ಒಬ್ಬನೇ ಕಟ್ಟಿದ. ಮೂರನೆಯ ದಿನ ನಾನು ಪೇಪರು ಓದುವ ನೆಪದಲ್ಲಿ ಚಾಪೆಯ ಅಂಚಿಗೆ ಬಂದೆ. ನಾಲ್ಕನೆಯ ದಿನ ಪೇಪರು ನನ್ನ ಕೆಳಗಿತ್ತು.

ಪೂರ್ವೋತ್ತರ ತಿಳಿಯದೆ ಯಾವುದರ ಜೊತೆಗೂ ನೆಂಟಸ್ತನ ಬೆಳೆಸಬಾರದೆಂಬುದು ಹಿರಿಯರ ಮಾತು. ಹಾಗಾಗಿ ವಿಚಾರಿಸಿದೆ. ಈ ಲೆಗೋ ಎಂಬುದು ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನದು. 1932ರಲ್ಲಿ ಆಟಿಕೆ ಮಾಡತೊಡಗಿದ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಕಸುಬಿನಿಂದ ಮರಗೆಲಸದವನು, ಅಂದರೆ ನಮ್ಮ ಲೆಕ್ಕದಲ್ಲಿ ಆಚಾರಿ. ‘ಚೆನ್ನಾಗಿ ಆಡು’ ಎಂಬ ಅವರ ಭಾಷೆಯ ಎರಡು ಪದ ಕೂಡಿಸಿ 1934ರಲ್ಲಿ ಲೆಗೋ ಎಂದು ಹೆಸರಿಟ್ಟ. ಆಗ ಎಲ್ಲ ಮರದ ಆಟಿಕೆ. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು 1949ರಲ್ಲಿ. ಮೊದಲ ಇಟ್ಟಿಗೆಗಳು ಒಳಗೆ ಟೊಳ್ಳು, ಒಂದರ ಮೇಲೊಂದು ಕೂರುತ್ತಿದ್ದವು, ಆದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿರಲಿಲ್ಲ. ಆಮೇಲೆ ಇಟ್ಟಿಗೆಯ ಹೊಟ್ಟೆಯೊಳಗೆ ಕೊಳವೆಗಳನ್ನು ಇಟ್ಟರು. ಮೇಲಿನ ಇಟ್ಟಿಗೆಯ ಕೊಳವೆ ಕೆಳಗಿನದರ ತಲೆಯ ಮೇಲಿನ ಗುಬುಟುಗಳ ನಡುವೆ ಹೋಗಿ ಕಚ್ಚಿತು, ಬಿಡಲಿಲ್ಲ. ಅದರ ಪೇಟೆಂಟಿಗೆ ಅರ್ಜಿ ಹಾಕಿದ್ದು 1958ರ ಜನವರಿ 28ರಂದು, ಮಧ್ಯಾಹ್ನ 1 ಗಂಟೆ 58 ನಿಮಿಷಕ್ಕೆ. ಅಂದಿನ ಇಟ್ಟಿಗೆ ಇಂದಿನ ಇಟ್ಟಿಗೆಗೆ ಈಗಲೂ ಸೇರುತ್ತದಂತೆ. ಹೋದ ವರ್ಷ ತಂದ ಫೋನಿನ ಚಾರ್ಜರು ಈ ವರ್ಷದ ಫೋನಿಗೆ ಸೇರದ ಕಾಲದಲ್ಲಿ ಇದನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು.

ಇನ್ನು ಅಳತೆ. ಮನೆ ಕಟ್ಟುವಾಗ ಆಚಾರ್ರು ಆಯ ನೋಡುತ್ತಾರಲ್ಲ, ಈ ಇಟ್ಟಿಗೆಗೂ ಒಂದು ಆಯವಿದೆ. ಒಂದು ಗುಬುಟಿನ ನಡುವಿನಿಂದ ಪಕ್ಕದ್ದರ ನಡುವಿಗೆ 8 ಮಿಲಿಮೀಟರ್. ಗುಬುಟಿನ ಅಗಲ 4.8. ಇಟ್ಟಿಗೆಯ ಎತ್ತರ 9.6. ಅದರ ಮೂರನೆಯ ಒಂದು ಪಾಲು, 3.2, ತೆಳು ಹಲಗೆಯ ದಪ್ಪ. ಅಚ್ಚಿನಲ್ಲಿ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ಹೆಚ್ಚುಕಡಿಮೆಯನ್ನೂ ಅವರು ಒಪ್ಪುವುದಿಲ್ಲ. ನಮ್ಮ ತೋಟದ ಸರ್ವೆಯಲ್ಲಿ ಮೂರು ಸಲಕ್ಕೆ ಮೂರು ಅಳತೆ ಬಂದದ್ದನ್ನು ಕಂಡ ನನಗೆ ಇದು ಪುರಾಣದ ಹಾಗೆ ಕೇಳಿಸಿತು.

ಎಂಟು ಗುಬುಟಿನ ಆರು ಇಟ್ಟಿಗೆ ಕೈಗೆ ಕೊಟ್ಟರೆ ಎಷ್ಟು ಬಗೆಯಲ್ಲಿ ಸೇರಿಸಬಹುದು? ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞರೊಬ್ಬರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು: 91,51,03,765 ಬಗೆ. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ, “ತೊಂಬತ್ತೊಂದು ಕೋಟಿ ಇದ್ರೂ ನಿಮಗೆ ಸರಿಯಾದ್ದು ಒಂದೂ ಸಿಗ್ಲಿಲ್ವಾ?” ಎಂದಳು. ಅವಳ ಮಾತಿನಲ್ಲಿ ಹುರುಳಿತ್ತು. ಅಷ್ಟೊಂದು ಸಕ್ರಮ ದಾರಿಗಳಿದ್ದೂ ನನ್ನ ಕೈ ಹೋದದ್ದು ಅಕ್ರಮದ ಕಡೆಗೆ.

ಅದೇನೆಂದರೆ, ಗುಬುಟಿನಿಂದ ಗುಬುಟಿಗೆ 8, ಗುಬುಟಿನ ಅಗಲ 4.8, ಕಳೆದರೆ ನಡುವಿನ ಸಂದು 3.2. ತೆಳು ಹಲಗೆಯ ದಪ್ಪವೂ 3.2! ನಾಲ್ಕನೆಯ ಕ್ಲಾಸಿನ ಕಳೆಯುವ ಲೆಕ್ಕದಿಂದ ನಾನು ಮಹಾ ಸಂಶೋಧನೆ ಮಾಡಿದ್ದೆ. ಹಲಗೆಯನ್ನು ಲಂಬವಾಗಿ ಹಿಡಿದು ಎರಡು ಗುಬುಟುಗಳ ಸಾಲಿನ ನಡುವೆ ಒತ್ತಿದೆ. ಕೂತಿತು. ಗೋಡೆ ಎದ್ದು ನಿಂತಿತು. ಮೀಸೆ ತಿರುವಿದೆ. ಹುಡುಗ ನೋಡಿ ಹೌಹಾರಿದ. “ಅಜ್ಜ, ಅದು ಇಲ್ಲೀಗಲ್! ಪೀಸಿಗೆ ಸ್ಟ್ರೆಸ್ ಆಗತ್ತೆ!”

ಪ್ಲಾಸ್ಟಿಕ್ಕಿಗೂ ಸ್ಟ್ರೆಸ್ಸು ಆಗುವ ಕಾಲ ಬಂತಲ್ಲ ಎಂದುಕೊಂಡೆ. ಆದರೆ ಅವನು ಹೇಳಿದ್ದು ನಿಜ. ಕಂಪನಿಯ ವಿನ್ಯಾಸಕಾರರಿಗೆ ಹೀಗೊಂದು ಕಟ್ಟುಪಾಡೇ ಇದೆ. ಅದನ್ನು ಹೊರಗಿನ ಉತ್ಸಾಹಿಗಳಿಗೆ ಚಿತ್ರಸಮೇತ ವಿವರಿಸಿದವನು ಜೇಮಿ ಬೆರಾರ್ಡ್ ಎಂಬ ವಿನ್ಯಾಸಕಾರ, 2006ರಲ್ಲಿ. ಅವನೂ ಮೊದಲು ಹೊರಗಿನ ಉತ್ಸಾಹಿಯೇ ಆಗಿದ್ದವನು. ತಿರುಳು ಇಷ್ಟೇ: ಸೇರಿಸಿದ ಮೇಲೆ ಯಾವ ತುಂಡೂ ಬಾಗಿಕೊಂಡು, ಹಿಗ್ಗಿಕೊಂಡು, ಬಲವಂತದಲ್ಲಿ ಇರಬಾರದು, ಮತ್ತು ಸೇರಿಸಿದ್ದನ್ನು ಮಗು ಬಿಡಿಸುವಂತಿರಬೇಕು. ಸಂದು 3.2, ಹಲಗೆ 3.2 ಎಂದರೆ ಲೆಕ್ಕ ಸರಿ, ಆದರೆ ನಡುವೆ ಉಸಿರಾಡಲು ಜಾಗವಿಲ್ಲ. ಇಂದು ಕೂರುತ್ತದೆ, ನಾಳೆಯೂ ಕೂತಿರುತ್ತದೆ, ಒಳಗೊಳಗೇ ಒತ್ತಿಕೊಂಡು ಒಂದು ದಿನ ಸೀಳುತ್ತದೆ. ಸಕ್ರಮವಾಗಿ ಅಕ್ಕಪಕ್ಕ ಕೂರುವ ಇಟ್ಟಿಗೆಗಳಿಗೆ ಆ ತೊಂದರೆ ಇಲ್ಲ. ಏಕೆಂದರೆ ಪ್ರತಿ ಇಟ್ಟಿಗೆಯನ್ನೂ ಅದರ ಲೆಕ್ಕದ ಅಗಲಕ್ಕಿಂತ 0.2 ಮಿಲಿಮೀಟರ್ ಕಡಿಮೆಯಾಗಿಯೇ ಮಾಡಿರುತ್ತಾರೆ. ನೆರೆಯವನ ಮೈಗೆ ಮೈ ಉಜ್ಜದಿರಲಿ ಎಂದು. ಇದನ್ನು ಓದಿದ ರಾತ್ರಿ ನನಗೆ ಹಳ್ಳದಾಚೆಯ ಬೇಲಿ ಕನಸಿನಲ್ಲಿ ಬಂತು.

ಹಾಗೆಂದು ಲೆಗೋದವರು ಬರೀ ಮಡಿವಂತರಲ್ಲ. ಗುಬುಟು ಮೇಲೆ, ಹೊಟ್ಟೆ ಕೆಳಗೆ ಎಂಬುದು ಸಂಪ್ರದಾಯ. ಆದರೆ ಇಟ್ಟಿಗೆಯನ್ನು ಮಗ್ಗುಲಾಗಿ ತಿರುಗಿಸಿ, ತಲೆಕೆಳಗು ಮಾಡಿ ಸೇರಿಸುವ ವಿದ್ಯೆಯೂ ಇದೆ, ಅದು ಸಂಪೂರ್ಣ ಸಕ್ರಮ. ಐದು ತೆಳು ಹಲಗೆ ಪೇರಿಸಿದರೆ 16 ಮಿಲಿಮೀಟರ್ ಎತ್ತರ. ಎರಡು ಗುಬುಟಿನ ಅಗಲವೂ 16. ಹಾಗಾಗಿ ಮಲಗಿದ್ದೂ ನಿಂತದ್ದೂ ಒಂದಕ್ಕೊಂದು ಸರಿಹೊಂದುತ್ತವೆ. ಲೆಗೋ ಗೊಂಬೆಯ ಕೈ ಹಿಡಿಯುವ ಕೋಲಿನ ದಪ್ಪ 3.2 ಮಿಲಿಮೀಟರ್, ಟೊಳ್ಳು ಗುಬುಟಿನ ತೂತಿಗೂ ಅದೇ ಕೋಲು ಹೋಗುತ್ತದೆ. ಹೀಗೆ ಗೊಂಬೆಯ ಕೈಯನ್ನೇ ಕೊಂಡಿ ಮಾಡಿ ದೀಪದ ಕಂಬ ನಿಲ್ಲಿಸಬಹುದು. ಈ ಮಗ್ಗುಲ ಜೋಡಣೆಗೆ ‘ಸ್ನಾಟ್’ ಎಂದು ಹೆಸರು. ಗುಬುಟು ಮೇಲಿಲ್ಲದ್ದು ಎಂಬುದರ ಇಂಗ್ಲಿಷ್ ಮೊದಲಕ್ಷರಗಳಂತೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಸಿಂಬಳ ಎಂಬ ಅರ್ಥವೂ ಇದೆ. ಮಳೆ ಹಿಡಿದ ವಾರ ನಮ್ಮ ಮನೆಯಲ್ಲಿ ಎರಡೂ ಅರ್ಥದಲ್ಲಿ ಸ್ನಾಟ್ ಧಾರಾಳವಾಗಿತ್ತು.

ಈಗ ಹಲ್ಲಿನ ವಿಷಯ ಹೇಳಲೇಬೇಕು. ಎರಡು ತೆಳು ಹಲಗೆಗಳು ಒಂದಕ್ಕೊಂದು ಪೂರ್ತಿ ಅಂಟಿ ಕೂತರೆ ಉಗುರಿಗೆ ಹಿಡಿತ ಸಿಗುವುದಿಲ್ಲ. ಹುಡುಗ ಪ್ರಯತ್ನಿಸಿದ, ಆಗಲಿಲ್ಲ. “ಇಲ್ಲಿ ಕೊಡು” ಎಂದೆ. ಏಲಕ್ಕಿಯ ಮೂಟೆಯ ಗಂಟನ್ನೇ ಬಾಯಲ್ಲಿ ಬಿಚ್ಚಿದ ಹಲ್ಲು ಇವು ಎಂಬ ಗರ್ವ. ಬಿಚ್ಚಿದ್ದು ಮೂವತ್ತು ವರ್ಷದ ಹಿಂದೆ ಎಂಬುದು ಮರೆತಿತ್ತು. ಕಚ್ಚಿ ಜಗ್ಗಿದೆ. ಟಪ್ಪೆಂದು ಬಿಟ್ಟಿತು. ಚಾಪೆಯ ಮೇಲೆ ನೋಡಿದರೆ ಎರಡು ಹಲಗೆಗಳು ಹಾಗೇ ಅಪ್ಪಿಕೊಂಡು ಬಿದ್ದಿದ್ದವು. ಪಕ್ಕದಲ್ಲಿ ನಾನು ಕಟ್ಟಿಸಿಕೊಂಡಿದ್ದ ಮುಂದಿನ ಎರಡು ಹಲ್ಲು. ಹುಡುಗ ಅದನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಗಂಭೀರವಾಗಿ ಕೇಳಿದ: “ಅಜ್ಜ, ಇದು ಯಾವ ಸೆಟ್ಟಿಂದು?”

ಪಂಚತಂತ್ರದಲ್ಲಿ ಅರೆಸೀಳಿದ ಮರದ ಬೆಣೆಯನ್ನು ಕಿತ್ತು ಪ್ರಾಣ ಕಳೆದುಕೊಂಡ ಮಂಗನ ಕತೆ ಬರುತ್ತದಲ್ಲ, ಅದನ್ನು ಅವನಿಗೆ ನಾನೇ ಹಿಂದಿನ ದಿನ ಹೇಳಿದ್ದೆ. ಅವನು ಆ ಕತೆಯನ್ನು ನೆನಪಿಸಲಿಲ್ಲ. ಒಳ್ಳೆಯ ಸಂಸ್ಕಾರ ಕೊಟ್ಟಿದ್ದಾಳೆ ಮಗಳು.

ಬೆಣೆ ಎಂದಾಗ ನಮ್ಮ ಹಳೆ ಮನೆಯ ಆಚಾರ್ರು ನೆನಪಾಗುತ್ತಾರೆ. ನಾನು ಹುಡುಗನಾಗಿದ್ದಾಗ ಮಾಡು ದುರಸ್ತಿಗೆ ಬಂದಿದ್ದರು. ತೊಲೆಗೆ ತೊಲೆ ಕೂಡಿಸುವಾಗ ಒಂದರ ತುದಿಯನ್ನು ನಾಲಗೆಯ ಹಾಗೆ ಕೆತ್ತಿ, ಇನ್ನೊಂದರಲ್ಲಿ ಬಾಯಿಯ ಹಾಗೆ ತೂತು ತೆಗೆದು, ಸೇರಿಸಿ, ಅಡ್ಡಕ್ಕೆ ಮರದ ಬೆಣೆ ಹೊಡೆದರು. ಮೊಳೆ ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ, ಮೊಳೆ ತುಕ್ಕು ಹಿಡಿದು ಮರವನ್ನು ತಿನ್ನುತ್ತದೆ, ಬೆಣೆಯಾದರೆ ಬೇಕಾದಾಗ ಹೊಡೆದು ತೆಗೆಯಬಹುದು ಎಂದಿದ್ದರು. ಬಾಗಿಲಿಗೆ ಮಾತ್ರ ಚೌಕಟ್ಟಿನ ಒಳಗೆ ಒಂದು ನೂಲು ಸಂದು ಬಿಡುತ್ತಿದ್ದರು. ಮಳೆಗಾಲದಲ್ಲಿ ಮರ ಊದುತ್ತದೆ, ಅದಕ್ಕೆ ಜಾಗ ಬೇಕು ಎಂದು. ಆಮೇಲೆ ನಾನು ಪೇಟೆಯಿಂದ ಒಬ್ಬರನ್ನು ಕರೆಸಿ ಒಂದು ಹೊಸ ಬಾಗಿಲು ಮಾಡಿಸಿದೆ. ಸಂದೇ ಇಲ್ಲದ, ಗಾಳಿ ನುಗ್ಗದ ಬಾಗಿಲು. ಜುಲೈಯಲ್ಲಿ ಹಾಕಿದ್ದು ಡಿಸೆಂಬರಿನವರೆಗೆ ತೆರೆಯಲಿಲ್ಲ. ಅದರ ಹಿಂದೆ ನಮ್ಮ ಉಪ್ಪಿನಕಾಯಿ ಜಾಡಿಗಳಿದ್ದವು.

ಮಲೆನಾಡೇ ಒಂದು ದೊಡ್ಡ ಜೋಡಣೆಯ ಶಾಲೆ. ತೋಟದ ಬಾಗಿಲಿನ ಉಣುಗೋಲನ್ನೇ ನೋಡಿ: ಎರಡು ಕಂಬ, ತೂತುಗಳು, ಅಡ್ಡಲಾಗಿ ಜಾರಿಸುವ ಗಳುಗಳು. ಮನುಷ್ಯನಿಗೆ ಜಾರಿಸಲು ಬರುತ್ತದೆ, ದನಕ್ಕೆ ಬರುವುದಿಲ್ಲ. ಮೇಲೆ ನೋಡಿದರೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಒತ್ತಿದ ಹೆಂಚು ಅದು. ಒಂದರ ಅಂಚಿನ ಕಾಲುವೆಗೆ ಇನ್ನೊಂದರ ಏಣು ಕೂತು, ಬೆನ್ನಿನ ಮೂತಿ ರೀಪಿಗೆ ಕಚ್ಚಿಕೊಳ್ಳುತ್ತದೆ. ಅಂಟಿಲ್ಲ, ಗಾರೆಯಿಲ್ಲ. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೆ ಹಾಕಿದರಾಯಿತು. ಬಿಲ್ಲುಂಡಿನ ಇಟ್ಟಿಗೆಗಿಂತ ಎಂಬತ್ತಕ್ಕೂ ಹೆಚ್ಚು ವರ್ಷ ಹಿರಿಯ ಲೆಗೋ ನಮ್ಮ ತಲೆಯ ಮೇಲೇ ಇದೆ. ವರ್ಷಕ್ಕೊಮ್ಮೆ ಮಳೆಗೆ ಮೊದಲು ಹೆಂಚು ಕೈಯಾಡಿಸಬೇಕು ಅಷ್ಟೆ. ವರ್ಷಪೂರ್ತಿ ಆ ಕೆಲಸವನ್ನು ಮಂಗಗಳು ಪುಕ್ಕಟೆಯಾಗಿ ಮಾಡುತ್ತವೆ.

ಅಕ್ರಮ ಜೋಡಣೆಯ ಪಿಎಚ್.ಡಿ. ನೋಡಬೇಕಾದರೆ ಮಾತ್ರ ನೀವು ಗುಡ್ಡದ ನೀರಿನ ಪೈಪಿನ ಜೊತೆಗೆ ನಡೆಯಬೇಕು. ಹಿಂದೆ ಅಡಿಕೆ ಮರ ಸೀಳಿದ ದಂಬೆಯಲ್ಲಿ ಅಬ್ಬಿ ನೀರು ಬರುತ್ತಿತ್ತು. ಈಗ ಕಪ್ಪು ಪೈಪು. ಒಂದೂವರೆ ಇಂಚಿನದು ಮುಗಿದಲ್ಲಿ ಒಂದೂಕಾಲು ಇಂಚಿನದು, ಅದು ಸಾಲದಿದ್ದಲ್ಲಿ ಯಾರದೋ ಸ್ಪ್ರಿಂಕ್ಲರಿನ ತುಂಡು. ಸೇರಿಸುವ ವಿಧಾನ: ಒಣ ಸೊಪ್ಪಿಗೆ ಬೆಂಕಿ ಹಾಕಿ, ದೊಡ್ಡ ಪೈಪಿನ ಬಾಯಿ ಕಾಯಿಸಿ, ಮೆತ್ತಗಾದಾಗ ಸಣ್ಣದನ್ನು ನುಗ್ಗಿಸಿ, ಮೇಲೆ ಸೈಕಲ್ ಟ್ಯೂಬಿನ ರಬ್ಬರು ಸುತ್ತುವುದು. ಕಂಪನಿಯ ಯಾವ ಪುಸ್ತಕದಲ್ಲೂ ಇಲ್ಲದ ಈ ವಿದ್ಯೆಯ ಮೇಲೆ ನಮ್ಮ ಮನೆಯ ಸ್ನಾನ, ಅಡುಗೆ ಎಲ್ಲ ನಡೆದಿವೆ. ಹುಡುಗನಿಗೆ ತೋರಿಸಿದೆ. ಅವನು ಜೋಡಣೆಯನ್ನು ಮುಟ್ಟಿ ನೋಡಿದ. ಸಂದಿನಿಂದ ಸೂಜಿಯಂಥ ನೀರು ಚಿಮ್ಮಿ ಅವನ ಕನ್ನಡಕಕ್ಕೆ ಹೊಡೆಯಿತು. “ಸ್ಟ್ರೆಸ್ ಇದೆ” ಎಂದ.

ಅವನ ಬಾಯಿ ಮುಚ್ಚಿಸಲು ನಾನು ಕಾಫಿ ಗಿಡದ ಹತ್ತಿರ ಕರೆದುಕೊಂಡು ಹೋದೆ. ಈ ಅರೇಬಿಕಾ ಇದೆಯಲ್ಲ, ಇದೇ ಒಂದು ಅಕ್ರಮ ಸಂಬಂಧದ ಸಂತಾನ ಎಂದೆ. ಒಂಬತ್ತು ವರ್ಷದವನಿಗೆ ಹೇಳುವ ಹಾಗೆ ಹೇಳಿದೆ. ಆಫ್ರಿಕಾದ ಕಾಡಿನಲ್ಲಿ ಬಹಳ ಹಿಂದೆ ರೊಬಸ್ಟಾ ಜಾತಿಯೂ ಯೂಜೆನಿಯಾಯ್ಡಿಸ್ ಎಂಬ ಇನ್ನೊಂದು ಕಾಡುಜಾತಿಯೂ ತಾವಾಗಿ ಕೂಡಿ ಹುಟ್ಟಿದ್ದು. ಅವೆರಡಕ್ಕೂ ಕ್ರೋಮೋಸೋಮು 22, ಅರೇಬಿಕಾಕ್ಕೆ 44. ಪೆಟ್ಟಿಗೆಯ ಮೇಲಿನ ಸೂಚನೆ ಓದದೆ ಎರಡು ಸೆಟ್ಟುಗಳನ್ನು ಪೂರ್ತಿಯಾಗಿ ಒಂದರೊಳಗೊಂದು ಸುರಿದ ಹಾಗೆ. ನಮ್ಮ ಹಳೆ ತೋಟಗಳಲ್ಲಿ ಈಗಲೂ ನಿಂತಿರುವ ಎಸ್. 795 ತಳಿಯಲ್ಲಿ ಲೈಬೀರಿಕಾ ಜಾತಿಯ ರಕ್ತವೂ ಇದೆ. ಅದು 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಶುರುವಾದ ಕಾಫಿ ಸಂಶೋಧನಾ ಕೇಂದ್ರದ ಕೊಡುಗೆ. ಮೂಡಿಗೆರೆ, ಕಳಸ, ಕೊಪ್ಪದ ಎಷ್ಟು ಮದುವೆಗಳು, ಎಷ್ಟು ಜೀಪುಗಳು, ಎಷ್ಟು ವ್ಯಾಜ್ಯಗಳು ಈ ಗಿಡದ ಮೇಲೆ ನಿಂತಿಲ್ಲ!

ಕಾಳುಮೆಣಸಿಗೂ ಹಾಗೆ. ಸೊರಗು ರೋಗ ತಡೆಯಲು ಅಮೆರಿಕಾ ಖಂಡದ ಕಾಡು ಹಿಪ್ಪಲಿಯ ಬೇರಿಗೆ ನಮ್ಮ ಮೆಣಸಿನ ಕುಡಿಯನ್ನು ಕಸಿ ಕಟ್ಟುತ್ತಾರೆ. ತರಬೇತಿಗೆ ಹೋಗಿ ಕಲಿತು ಬಂದು ನಾನೂ ಹತ್ತು ಕಟ್ಟಿದೆ. ಎಂಟು ಸತ್ತವು. ಒಂಬತ್ತನೆಯದು ಚಿಗುರಿತು, ಖುಷಿಯಾಯಿತು. ನೋಡಿದರೆ ಚಿಗುರಿದ್ದು ಕೆಳಗಿನ ಹಿಪ್ಪಲಿ. ಹತ್ತನೆಯದು ಬದುಕಿದೆ, ಅದನ್ನು ನೆಂಟರಿಗೆಲ್ಲ ತೋರಿಸುತ್ತೇನೆ. ಅದನ್ನು ಕಟ್ಟಿದ್ದು ನನ್ನ ಹೆಂಡತಿ ಎಂದು ಹೇಳುವ ಸಂದರ್ಭ ಇನ್ನೂ ಒದಗಿಲ್ಲ. ನನ್ನವು ಯಾಕೆ ಸತ್ತವು ಎಂದು ಕೇಳಿದ್ದಕ್ಕೆ ಅವಳು, “ನೀವು ಉಸಿರು ಕಟ್ಟೋ ಹಾಗೆ ಬಿಗಿದಿರಿ” ಎಂದಳು.

ಇಷ್ಟಾದರೂ ಬುದ್ಧಿ ಬರಬೇಡವೆ? ಬರಲಿಲ್ಲ. ರಜೆ ಮುಗಿಯಲು ನಾಲ್ಕು ದಿನವಿತ್ತು. ಹುಡುಗ ನಮ್ಮ ಮನೆಯನ್ನೇ ಕಟ್ಟುತ್ತಿದ್ದ: ಜಗಲಿ, ಅಂಗಳ, ಕಾಫಿ ಕಣ, ಒಂದು ಕರಿನಾಯಿ. ಸಮಸ್ಯೆ ಮಾಡಿನದು. ಲೆಗೋ ಜಗತ್ತು ಚೌಕದ್ದು, ನಮ್ಮ ಮಾಡು ಇಳಿಜಾರಿನದು. ಇಷ್ಟು ಮಳೆಗೆ ಇಳಿಜಾರಿಲ್ಲದೆ ಆಗುವುದೆ? ಅವನು ಚಿಕ್ಕ ತಿರುಗಣೆ ತುಂಡುಗಳನ್ನು ಗೋಡೆಗೆ ಕಚ್ಚಿಸಿ ಎರಡು ಹಲಗೆಗಳನ್ನು ಒಂದಕ್ಕೊಂದು ಒರಗಿಸಿದ. ಎಷ್ಟು ಚಂದದ ಉಪಾಯ! ಆದರೆ ಬೆಕ್ಕು ಮೂಸಿದರೆ ಬೀಳುತ್ತಿತ್ತು. ಬಿತ್ತು, ಕಟ್ಟಿದ, ಬಿತ್ತು, ಕಟ್ಟಿದ. ಐದು ಸಲ. ಐದನೆಯ ಸಲ ಅವನ ಕೆಳದುಟಿ ನಡುಗಿದ್ದನ್ನು ಕಂಡೆ. ಅಜ್ಜನ ಹೃದಯ ಕರಗಿತು. ಕರಗಿದ ಹೃದಯದಷ್ಟು ಅಪಾಯದ ವಸ್ತು ಮನೆಯಲ್ಲಿ ಬೇರೊಂದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಚಪ್ಪಲಿ ಅಂಟಿಸಲು ತಂದಿದ್ದ, ಕ್ಷಣದಲ್ಲಿ ಕಚ್ಚುವ ಗೋಂದಿನ ಟ್ಯೂಬು ತೆಗೆದೆ. ಟಾರ್ಚು ಬಾಯಲ್ಲಿ ಹಿಡಿದು (ಉಳಿದ ಹಲ್ಲಿನಲ್ಲಿ) ಮಾಡಿಗೆ, ಗೋಡೆಗೆ, ಜಗಲಿಗೆ, ಧಾರಾಳವಾಗಿ ನಾಯಿಗೂ ಹಚ್ಚಿದೆ.

ಬೆಳಿಗ್ಗೆ ಹುಡುಗ ಮನೆಯನ್ನು ಎತ್ತಿದ. ಬೀಳಲಿಲ್ಲ. ಅಲ್ಲಾಡಿಸಿದ. ಬೀಳಲಿಲ್ಲ. ಕಣ್ಣರಳಿತು. ಬಾಗಿಲಿನ ಜಾಗ ಸ್ವಲ್ಪ ಬದಲಾಯಿಸೋಣ ಎಂದು ಒಂದು ಇಟ್ಟಿಗೆ ಎಳೆದ. ಬರಲಿಲ್ಲ. ಇನ್ನೊಂದು ಎಳೆದ. ಅಂಚಿನಲ್ಲಿ ಬೂಷ್ಟು ಹಿಡಿದ ಹಾಗೆ ಬೆಳ್ಳಗಿದ್ದ ಗೋಂದನ್ನು ಉಗುರಿನಿಂದ ಕೆರೆದು ನನ್ನ ಕಡೆ ನೋಡಿದ. ಬೈಯಲಿಲ್ಲ, ಅಳಲೂ ಇಲ್ಲ.

“ಅಜ್ಜ, ಇನ್ನಿದನ್ನ ಬಿಚ್ಚೋದು ಹೇಗೆ? ನಾಳೆ ಇದ್ರಲ್ಲಿ ಲಾರಿ ಮಾಡ್ಬೇಕಿತ್ತು.”

ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಹೊತ್ತಿಗೆ ತಿಳಿಯಿತು: ನಾನು ನೋಡುತ್ತಿದ್ದದ್ದು ಮನೆ, ಅವನಿಗೆ ಅದರಲ್ಲಿ ಲಾರಿ, ಹಡಗು, ಆನೆ, ತೊಂಬತ್ತೊಂದು ಕೋಟಿ ಬೇರೆ ಬೇರೆ ನಾಳೆಗಳಿದ್ದವು. ಅಷ್ಟನ್ನೂ ಒಂದೇ ಟ್ಯೂಬಿನಲ್ಲಿ ಮುಗಿಸಿದ್ದೆ.

ಪ್ರಾಯಶ್ಚಿತ್ತಕ್ಕೆ ಅವನನ್ನು ಬೇಲೂರಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಕೊಟ್ಟಿಗೆಹಾರದ ನೀರುದೋಸೆ, ಅದು ಅರ್ಧ ಪ್ರಾಯಶ್ಚಿತ್ತ. ಹೊಯ್ಸಳರೆಂದರೆ ನಮ್ಮವರೇ, ಸಳ ಹುಲಿಯನ್ನು ಹೊಡೆದ ಸೊಸೆವೂರು ಎಂದರೆ ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಅಲ್ಲಿಂದ ಹೊರಟವರು 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿಸಿದರು. ಬಳಪದ ಕಲ್ಲು, ಗಾರೆಯಿಲ್ಲ. ಕಲ್ಲಿನ ಏಣಿಗೆ ಕಲ್ಲಿನ ತೋಡು. ಹುಡುಗ ಕಂಬದ ಬುಡದಲ್ಲಿ ಮೊಣಕಾಲೂರಿ ಎರಡು ಕಲ್ಲು ಕೂಡುವ ಗೆರೆಯಲ್ಲಿ ಉಗುರು ಆಡಿಸಿದ. ಎಲ್ಲರೂ ಶಿಲಾಬಾಲಿಕೆಯ ಮುಖ ನೋಡುತ್ತಿದ್ದರೆ ಇವನೊಬ್ಬ ಸಂದು ನೋಡುತ್ತಿದ್ದ. “ಗ್ಲೂ ಇಲ್ಲ” ಎಂದ, ನನ್ನನ್ನು ನೋಡದೆ.

ಬರುವಾಗ ಅವನಿಗೆ ಇನ್ನೊಂದು ಗುಡಿಯ ಕತೆ ಹೇಳಿದೆ. ನಮ್ಮ ಜಾವಳಿಯಲ್ಲಿ ಬೊಗಸೆಯಷ್ಟು ಹುಟ್ಟುವ ಹೇಮಾವತಿ, ಲಲಿತ ಪ್ರಬಂಧಗಳ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರನ್ನು ಹಾದು, ಕೃಷ್ಣರಾಜಸಾಗರದ ಹತ್ತಿರ ಕಾವೇರಿಗೆ ಸೇರುತ್ತಾಳೆ. ಆ ಅಣೆಕಟ್ಟು ಕಟ್ಟಿದಾಗ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಹೊಯ್ಸಳ ಗುಡಿ ಮುಳುಗಿತು. ಬರಗಾಲದ ವರ್ಷ ನೀರಿಳಿದಾಗ ಮಾತ್ರ ಕಾಣುತ್ತಿತ್ತು. ನಮ್ಮ ಕಾಲದಲ್ಲಿ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಪ್ರತಿ ಕಲ್ಲಿಗೂ ಗುರುತು ಹಾಕಿ, ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಹುಡುಗ ಬಹಳ ಹೊತ್ತು ಯೋಚಿಸಿ, “ಅಜ್ಜ, ಆವಾಗ ನೀವಿದ್ದು ಗ್ಲೂ ಹಾಕಿದ್ರೆ ಅದು ನೀರೊಳಗೇ ಇರ್ತಿತ್ತು ಅಲ್ವಾ?” ಎಂದ. ಇರುತ್ತಿತ್ತು ಮಗಾ. ಬಿಚ್ಚಲು ಬರುವ ಹಾಗೆ ಕಟ್ಟಿದವರ ಗುಡಿ ಮಾತ್ರ ನೀರಿನಿಂದ ಎದ್ದು ಬಂತು.

ಜೂನ್ ಒಂದಕ್ಕೆ ಶಾಲೆ. ಮಗಳು ಅಳಿಯ ಬಂದು ಕರೆದುಕೊಂಡು ಹೋದರು. ಡಬ್ಬಿ ಹೋಯಿತು, ಗೋಂದಿನ ಮನೆ ಉಳಿಯಿತು. ಈಗ ಅದು ನಮ್ಮ ಊದುವ ಬಾಗಿಲು ಪೂರ್ತಿ ಮುಚ್ಚಿಕೊಳ್ಳದ ಹಾಗೆ ಅಡ್ಡ ಕೂತಿದೆ. ಉಪ್ಪಿನಕಾಯಿಗೆ ದಾರಿ ಸುಗಮವಾಗಿದೆ. ಹಾಗೆ ನೋಡಿದರೆ ಅದೂ ಸಕ್ರಮವಾಯಿತು.

ಒಂದು ಮಾತು ಬಾಕಿ. ಅವರು ಹೋದ ವಾರ ಅಡುಗೆಮನೆಯಲ್ಲಿ ನನ್ನ ಹೆಂಡತಿ ಕಾಫಿಪುಡಿ ಡಬ್ಬಿಯ ಮುಚ್ಚಳ ಎಬ್ಬಿಸಲು ಕಿತ್ತಳೆ ಬಣ್ಣದ, ಸನ್ನೆಯ ಹಾಗಿರುವ ಪುಟ್ಟ ಪ್ಲಾಸ್ಟಿಕ್ ಸಾಧನವೊಂದನ್ನು ಬಳಸುತ್ತಿದ್ದಳು. ಎಲ್ಲಿ ಸಿಕ್ಕಿತು ಎಂದೆ. “ಮಗು ಬಂದ ಮಾರನೇ ದಿನ ಚಾಪೆ ಗುಡಿಸುವಾಗ. ಎಷ್ಟು ಲಾಯ್ಕಿದೆ ನೋಡಿ” ಎಂದಳು. ಫೋನಿನಲ್ಲಿ ಹುಡುಗನನ್ನು ಕೇಳಿದೆ. ಅಂಟಿ ಕೂತ ಹಲಗೆಗಳನ್ನು ಬಿಡಿಸಲು ಕಂಪನಿಯವರೇ ದೊಡ್ಡ ಪೆಟ್ಟಿಗೆಗಳ ಜೊತೆ ಕೊಡುವ ಸಾಧನ ಅದು. ಆದ್ದರಿಂದ ಓದುಗರಲ್ಲಿ ವಿನಂತಿ: ನಿಮ್ಮ ಮನೆಗೂ ಮೊಮ್ಮಕ್ಕಳು ಇಟ್ಟಿಗೆ ಡಬ್ಬಿ ಹಿಡಿದು ಬಂದರೆ, ಬಾಯಿಗೆ ಹಾಕುವ ಮೊದಲು ಅಡುಗೆಮನೆಯಲ್ಲಿ ಒಮ್ಮೆ ವಿಚಾರಿಸಿ. ಹಲ್ಲು ಕಟ್ಟಿಸಲು ನಾನು ಮುಂದಿನ ಗುರುವಾರ ಚಿಕ್ಕಮಗಳೂರಿಗೆ ಹೋಗುವವನಿದ್ದೇನೆ.